ಡ್ರಾಪ್ ಒತ್ತುವ ಮೊದಲು

"ಕ್ಯಾಲ್ಕ್ಯುಲಸ್ ಬಿಟ್ಟರೂ 11 ಕ್ರೆಡಿಟ್ ಉಳಿಯುತ್ತೆ, ಅಷ್ಟು ಸಾಕು ಅಂದ್ರು ಚಿಕ್ಕಪ್ಪ." ಮೂರು ಪುಟದ ಪತ್ರದಲ್ಲಿ ಈ ಸಾಲನ್ನು ನೀವು ಬಂದದ್ದು ಹೋದದ್ದು ಎಂಬಂತೆ ಬರೆದು ಮುಂದೆ ಹೋಗಿದ್ದೀರಿ. ನನಗೆ ಅಲ್ಲಿಂದ ಮುಂದೆ ಓದಲಾಗಲಿಲ್ಲ.

ಹಾಸನದಲ್ಲಿ ಪಿಯುಸಿ ಮುಗಿಸಿದ ಹುಡುಗ, ಆಗಸ್ಟ್‌ನಲ್ಲಿ ಎಫ್-1 ಎಂಬ ವಿದ್ಯಾರ್ಥಿ ವೀಸಾದ ಮೇಲೆ ಅಮೆರಿಕಕ್ಕೆ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಲು ಹೋಗಿದ್ದಾನೆ. ಕ್ಯಾಲ್ಕ್ಯುಲಸ್-2ಕ್ಕೆ 4, ಲ್ಯಾಬ್ ಸೇರಿ ಕೆಮಿಸ್ಟ್ರಿಗೆ 4, ಪ್ರೋಗ್ರಾಮಿಂಗ್‌ಗೆ 4, ಇಂಗ್ಲಿಷ್ ಬರವಣಿಗೆಗೆ 3, ಒಟ್ಟು 15 ಕ್ರೆಡಿಟ್. ಈಗ ಏಳನೇ ವಾರ. ಕ್ಯಾಲ್ಕ್ಯುಲಸ್ ಮಿಡ್‌ಟರ್ಮ್‌ನಲ್ಲಿ ನೂರಕ್ಕೆ 38. ಪಿಯುಸಿ ಗಣಿತದಲ್ಲಿ 97 ತೆಗೆದವನಿಗೆ ಈಗ ತಾನು ದಡ್ಡ ಅನ್ನಿಸುತ್ತಿದೆ. ತೋಟದ ಮೇಲೆ ಸಾಲ ತೆಗೆದ ಅಪ್ಪನ ಮುಂದೆ ಬಾಯಿ ಬರುತ್ತಿಲ್ಲ.

ನೀವು ದಡ್ಡರಲ್ಲ, ತಪ್ಪು ತರಗತಿಯಲ್ಲಿ ಕೂತಿದ್ದೀರಿ. ಪಿಯುಸಿಯಲ್ಲಿ ಸಬ್‌ಸ್ಟಿಟ್ಯೂಷನ್, ಬೈ ಪಾರ್ಟ್ಸ್, ಪಾರ್ಶಿಯಲ್ ಫ್ರ್ಯಾಕ್ಷನ್ ಎಲ್ಲ ಕಲಿತಿದ್ದಕ್ಕೆ ಮೊದಲ ವಾರಗಳು ಹಗುರವಾಗಿ ಕಂಡವು. ಆಮೇಲೆ ಬಂದ ಇಂಪ್ರಾಪರ್ ಇಂಟಿಗ್ರಲ್, ವಕ್ರರೇಖೆಯನ್ನು ಸುತ್ತಿಸಿ ಘನಗಾತ್ರ ಕಂಡುಹಿಡಿಯುವ ಲೆಕ್ಕ ನಿಮ್ಮ ಪಿಯುಸಿ ಪುಸ್ತಕದಲ್ಲಿ ಇರಲೇ ಇಲ್ಲ. ಅನಂತ ಶ್ರೇಣಿಗಳ ಒಮ್ಮುಖತೆಯ ಪರೀಕ್ಷೆಗಳು ಇನ್ನು ಮುಂದೆ ಬರುತ್ತವೆ, ಕ್ಯಾಲ್ಕ್ಯುಲಸ್-2ರಲ್ಲಿ ಹೆಚ್ಚು ಮಕ್ಕಳು ಎಡವುವುದು ಅಲ್ಲೇ. ಹಾಗಾಗಿ ಕೋರ್ಸ್ ಬಿಡುವ ನಿಮ್ಮ ಯೋಚನೆ ಸರಿಯಾದದ್ದೇ. ಗ್ರೇಡ್ ಪಟ್ಟಿಯಲ್ಲಿ ಒಂದು 'ಡಬ್ಲ್ಯು' (ಕೋರ್ಸ್ ಮಧ್ಯದಲ್ಲಿ ಬಿಟ್ಟ ಗುರುತು) ಬಿದ್ದರೆ ಜಿಪಿಎ, ಅಂದರೆ ಗ್ರೇಡ್‌ಗಳ ಸರಾಸರಿ, ಕೆಡುವುದಿಲ್ಲ, 'ಎಫ್' (ನಪಾಸು) ಬಿದ್ದರೆ ಕೆಡುತ್ತದೆ.

ಆದರೆ 11 ಸಾಕಾಗುವುದಿಲ್ಲ. ಸೆಮಿಸ್ಟರ್ ಪದ್ಧತಿಯ ಪದವಿಯಲ್ಲಿ ಎಫ್-1 ವಿದ್ಯಾರ್ಥಿ ಕನಿಷ್ಠ 12 ಕ್ರೆಡಿಟ್ ಓದಲೇಬೇಕು. ಮೊದಲೇ ಒಪ್ಪಿಗೆ ಪಡೆಯದೆ ಅದಕ್ಕಿಂತ ಕೆಳಗಿಳಿದರೆ ವೀಸಾ ಸ್ಟೇಟಸ್ಸೇ, ಅಂದರೆ ಅಲ್ಲಿದ್ದು ಓದುವ ಅನುಮತಿಯೇ, ಹೋಗುತ್ತದೆ. ಮತ್ತೆ ಪಡೆಯಬೇಕೆಂದರೆ ಅರ್ಜಿ, ಶುಲ್ಕ, ತಿಂಗಳುಗಟ್ಟಲೆ ಕಾಯುವಿಕೆ, ಇಲ್ಲವೇ ದೇಶ ಬಿಟ್ಟು ಹೊಸ ಐ-20ರೊಂದಿಗೆ (ಎಫ್-1ಗೆ ವಿಶ್ವವಿದ್ಯಾಲಯ ಕೊಡುವ ಪತ್ರ) ಮರಳುವುದು. ಕಂಪ್ಯೂಟರಿನಲ್ಲಿ ಕೋರ್ಸ್ ಬಿಡುವ 'ಡ್ರಾಪ್' ಗುಂಡಿ ಒತ್ತಿದರೆ ಕೋರ್ಸ್ ಹೋಗಿಬಿಡುತ್ತದೆ, ಯಾರೂ ತಡೆಯುವುದಿಲ್ಲ.

ನನ್ನ ಸಿಟ್ಟು ಇರುವುದು ಚಿಕ್ಕಪ್ಪನ ಮೇಲೆ. ಅವರು ಅಲ್ಲಿ ಓದಿದ್ದು ಎಂಎಸ್. ಸ್ನಾತಕೋತ್ತರಕ್ಕೆ ಪೂರ್ಣ ಓದು ಎಷ್ಟೆಂದು ಆಯಾ ವಿಶ್ವವಿದ್ಯಾಲಯವೇ ನಿಗದಿ ಮಾಡುತ್ತದೆ, ಬಹಳ ಕಡೆ ಅದು 9. ಆ ಲೆಕ್ಕವನ್ನೇ 18 ವರ್ಷದ ಹುಡುಗನಿಗೂ ಹಚ್ಚಿದ್ದಾರೆ. ಕ್ಯಾಲ್ಕ್ಯುಲಸ್-1 ಬಿಟ್ಟು ನೇರ 2ಕ್ಕೆ ಹಾರಲು ಹೇಳಿದವರೂ ಅವರೇ. ಈ ಅಂಕಣದಲ್ಲಿ ಎಷ್ಟು ಸಲ ಬರೆದರೂ ಮತ್ತೆ ಬರೆಯುತ್ತೇನೆ: ಕೋರ್ಸ್ ಆಯ್ಕೆಗೆ ಕ್ಯಾಟಲಾಗ್ ಮತ್ತು ಅಡ್ವೈಸರ್ ಇದ್ದಾರೆ, ನೆಂಟರನ್ನು ಕೇಳಬೇಡಿ.

ನೀವು ಮಾಡಬೇಕಾದದ್ದು ಒಂದೇ. ನಾಳೆ ಬೆಳಿಗ್ಗೆ ನಿಮ್ಮ ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಗೆ ಹೋಗಿ ಡಿಎಸ್‌ಒ (ಎಫ್-1 ವಿದ್ಯಾರ್ಥಿಗಳ ದಾಖಲೆ ನೋಡಿಕೊಳ್ಳುವ ಅಧಿಕಾರಿ) ಮುಂದೆ ಕೂರಿ, ಒಪ್ಪಿಗೆ ಸಿಗುವವರೆಗೆ ಡ್ರಾಪ್ ಒತ್ತಬೇಡಿ. ತರಗತಿಯ ಮಟ್ಟ ತಪ್ಪಾಗಿ ನಿಗದಿಯಾದದ್ದು ಕಡಿಮೆ ಕ್ರೆಡಿಟ್‌ಗೆ ಒಪ್ಪಿಗೆ ಕೊಡಲು ನಿಯಮದಲ್ಲೇ ಇರುವ ಕಾರಣ. ನಿಮ್ಮದು ಅದೇ. ಅಡ್ವೈಸರ್‌ರಿಂದ ಹಾಗೆಂದು ಬರೆಸಿಕೊಂಡು ಹೋಗಿ. ಡಿಎಸ್‌ಒ ಅದನ್ನು ಸೆವಿಸ್‌ನಲ್ಲಿ (ವಿದೇಶಿ ವಿದ್ಯಾರ್ಥಿಗಳ ಸರ್ಕಾರಿ ದಾಖಲೆ ವ್ಯವಸ್ಥೆ) ದಾಖಲಿಸಿದ ಮೇಲೆ ಕೋರ್ಸ್ ಬಿಡಿ. ಈ ಒಪ್ಪಿಗೆಯಲ್ಲೂ ಕನಿಷ್ಠ 6 ಕ್ರೆಡಿಟ್ ಇರಬೇಕು, ಮುಂದಿನ ಸೆಮಿಸ್ಟರ್‌ನಲ್ಲಿ ಮತ್ತೆ 12 ಮುಟ್ಟಬೇಕು.

ಓದಿನ ಕಷ್ಟದ ಕಾರಣಕ್ಕೆ ಸಿಗುವ ಈ ಒಪ್ಪಿಗೆ ಇಡೀ ಪದವಿಗೆ ಒಂದೇ ಸಲ. ಆದ್ದರಿಂದ ಅದನ್ನು ಕೇಳುವ ಮುಂಚೆ, ಸೆಮಿಸ್ಟರ್‌ನ ಎರಡನೇ ಅರ್ಧದಲ್ಲಿ ಶುರುವಾಗುವ ಒಂದು ಕ್ರೆಡಿಟ್ಟಿನ ಕೋರ್ಸ್ ಇದೆಯೇ ಕೇಳಿ. ಸಾಮಾನ್ಯವಾಗಿ ಅವು ಎಂಟನೇ ವಾರದ ಹೊತ್ತಿಗೆ ಶುರುವಾಗುತ್ತವೆ, ಅಂದರೆ ನಿಮಗೆ ಕೆಲವೇ ದಿನಗಳಿವೆ. ಒಂದು ಸಿಕ್ಕರೆ 11 ಹೋಗಿ 12 ಆಗುತ್ತದೆ, ಒಪ್ಪಿಗೆ ಕೇಳುವ ಅವಕಾಶವೂ ಕೈಯಲ್ಲೇ ಉಳಿಯುತ್ತದೆ. ಅದು ಕೊಠಡಿಯಲ್ಲಿ ಕೂತು ಕಲಿಯುವ ಕೋರ್ಸ್ ಆಗಿರಲಿ. ಒಂದು ಸೆಮಿಸ್ಟರ್‌ನಲ್ಲಿ ಒಂದೇ ಆನ್‌ಲೈನ್ ಕೋರ್ಸ್, ಹೆಚ್ಚೆಂದರೆ 3 ಕ್ರೆಡಿಟ್, ಲೆಕ್ಕಕ್ಕೆ ಬರುತ್ತದೆ.

ಜನವರಿಯಲ್ಲಿ ಕ್ಯಾಲ್ಕ್ಯುಲಸ್-1 ತೆಗೆದುಕೊಳ್ಳಿ, ನಾಚಿಕೆ ಬೇಡ. ಅದರ ಜೊತೆಗೇ ಫಿಸಿಕ್ಸ್-1 ಓದಲು ಬಹಳಷ್ಟು ಕಡೆ ಬಿಡುತ್ತಾರೆ, ಕ್ಯಾಟಲಾಗ್‌ನಲ್ಲಿ ಖಚಿತಪಡಿಸಿಕೊಳ್ಳಿ. ಬೇಸಿಗೆಯಲ್ಲಿ ಕಮ್ಯುನಿಟಿ ಕಾಲೇಜಿನಲ್ಲಿ ಕಡಿಮೆ ಶುಲ್ಕಕ್ಕೆ ಕ್ಯಾಲ್ಕ್ಯುಲಸ್-2 ಮುಗಿಸಬಹುದು, ಆ ಕ್ರೆಡಿಟ್ ನಿಮ್ಮಲ್ಲಿ ಒಪ್ಪುತ್ತದೆಂದು ಮೊದಲೇ ಬರವಣಿಗೆಯಲ್ಲಿ ಪಡೆದಿದ್ದರೆ. ಹಾಗೆ ಮಾಡಿದರೆ ಎರಡನೇ ವರ್ಷ ನಿಮ್ಮ ಜೊತೆಯವರ ಸಾಲಿನಲ್ಲೇ ಇರುತ್ತೀರಿ.

ಇದನ್ನೇ ಅಪ್ಪನಿಗೂ ಹೇಳಿ, ಡಿಎಸ್‌ಒ ಕಚೇರಿಯಿಂದ ಹೊರಬಂದ ದಿನವೇ. ಕೋರ್ಸ್ ಬಿಟ್ಟರೂ ಕಟ್ಟಿದ ಫೀಸು ಏಳನೇ ವಾರದಲ್ಲಿ ಬಹುಶಃ ವಾಪಸ್ ಬರುವುದಿಲ್ಲ, ಅದನ್ನೂ ಮುಚ್ಚಿಡಬೇಡಿ. ಸಾಲ ತೀರಿಸುವವರು ಅವರು.