ಪಥ್ಯದಲ್ಲಿರುವಾಗ ಪ್ಯಾಕೆಟ್ ಕೊಬ್ಬರಿ ಚಿಪ್ಸ್ ತಿನ್ನಬಹುದೇ?

ಪ್ರಶ್ನೆ: ಹೊಟ್ಟೆ ಉಬ್ಬರಕ್ಕೂ ಮೈಮೇಲೆ ಏಳುವ ದದ್ದಿಗೂ ಕಾರಣ ಸಿಗದೆ, ಡಯಟಿಷಿಯನ್ ಸಲಹೆಯಂತೆ ಎಲಿಮಿನೇಷನ್ ಡಯಟ್ (ಸಂಶಯದ ಆಹಾರಗಳನ್ನು ಕೆಲಕಾಲ ಬಿಟ್ಟು, ಆಮೇಲೆ ಒಂದೊಂದಾಗಿ ಮರಳಿ ಸೇರಿಸಿ ನೋಡುವ ಪಥ್ಯ) ಶುರು ಮಾಡಿ ಎರಡು ವಾರವಾಯಿತು. ಹಾಲು, ಗೋಧಿ, ಸೋಯಾ, ಮೊಟ್ಟೆ, ಕಡಲೆಕಾಯಿ, ಗೋಡಂಬಿ-ಬಾದಾಮಿ ಎಲ್ಲ ಬಿಟ್ಟಿದ್ದೇನೆ. ತೆಂಗಿನಕಾಯಿ ತಿನ್ನಬಹುದು ಎಂದಿದ್ದಾರೆ. ಹಾಗಾದರೆ ಅಂಗಡಿಯ ಕೊಬ್ಬರಿ ಚಿಪ್ಸ್, ಕೊಬ್ಬರಿ ಬಾರ್‌ಗಳೂ ನಡೆಯುತ್ತವೆಯೇ?

ಉತ್ತರ: ಚಿಪ್ಸ್ ಪ್ಯಾಕೆಟ್ಟಿನ ಹಿಂದೆ ‘ತೆಂಗಿನಕಾಯಿ’ ಎಂದಷ್ಟೇ ಇದ್ದರೆ, ಹೆಚ್ಚೆಂದರೆ ಜೊತೆಗೆ ಉಪ್ಪು ಇದ್ದರೆ, ನಡೆಯುತ್ತದೆ. ಮೂರನೆಯ ಪದಾರ್ಥ ಕಂಡರೆ ಪ್ಯಾಕೆಟ್ ಕೆಳಗಿಡಿ. ಬಾರ್‌ಗಳನ್ನಂತೂ ಪಥ್ಯ ಮುಗಿಯುವವರೆಗೆ ಮುಟ್ಟಬೇಡಿ.

ಇಷ್ಟು ಬಿಗಿ ಯಾಕೆಂದರೆ, ಈ ಪಥ್ಯದ ಬೆಲೆಯೆಲ್ಲ ಇರುವುದು ಅದು ಕೊಡುವ ಉತ್ತರದಲ್ಲಿ. ಕಷ್ಟಪಟ್ಟು ಇಷ್ಟೆಲ್ಲ ಬಿಟ್ಟ ಮೇಲೂ ದಿನಕ್ಕೊಂದು ಚಿಟಿಕೆ ಹಾಲಿನ ಪ್ರೋಟೀನ್ ಒಳಗೆ ಹೋಗುತ್ತಿದ್ದರೆ, ಹಾಲೇ ಕಾರಣವಾಗಿದ್ದರೂ ದದ್ದು ಇಳಿಯದೇ ಇರಬಹುದು. ಆಗ ‘ಹಾಲು ಕಾರಣವಲ್ಲ’ ಎಂಬ ತಪ್ಪು ತೀರ್ಮಾನಕ್ಕೆ ಬರುತ್ತೀರಿ.

ಆ ಚಿಟಿಕೆ ಎಲ್ಲಿ ಅಡಗಿರುತ್ತದೆ ಎಂಬುದಕ್ಕೆ ತೆಂಗಿನ ಹಾಲಿನ ಪುಡಿಯನ್ನೇ ನೋಡಿ. ತೆಂಗಿನ ಕೊಬ್ಬು ನೀರಿನ ಜೊತೆ ಬೆರೆತು ನಿಲ್ಲುವುದಿಲ್ಲ, ಮೇಲೆ ತೇಲುತ್ತದೆ. ಒಣಗಿಸಿದ ಪುಡಿ ನೀರಿಗೆ ಬಿದ್ದ ಕೂಡಲೇ ಮತ್ತೆ ಹಾಲಾಗಲಿ ಎಂದು ಅನೇಕ ತಯಾರಕರು ಸೋಡಿಯಂ ಕೇಸಿನೇಟ್ ಸೇರಿಸುತ್ತಾರೆ. ಅದು ಹಸುವಿನ ಹಾಲಿನ ಪ್ರೋಟೀನ್. ಈ ಪುಡಿಯೇ ಬಿಸ್ಕತ್ತು, ಬಾರ್, ಸಿಹಿ ಲೇಪದ ಚಿಪ್ಸ್‌ಗಳಿಗೂ ಹೋಗುತ್ತದೆ. ಚೀಸ್ ರುಚಿಯ ಮಸಾಲೆಯಲ್ಲಿ ಹಾಲಿನ ಪುಡಿ ಇರಬಹುದು, ಸೋಯಾ ಸಾಸ್ ಸವರಿ ಹುರಿದದ್ದರಲ್ಲಿ ಸೋಯಾ, ಗೋಧಿ ಎರಡೂ ಇರಬಹುದು. ಕೊಬ್ಬನ್ನೂ ನೀರನ್ನೂ ಬೆರೆಸಿಡಲು ಹಾಕುವ ಲೆಸಿಥಿನ್ (ಲೇಬಲ್ಲಿನಲ್ಲಿ 322) ಬಹುಮಟ್ಟಿಗೆ ಸೋಯಾದಿಂದಲೇ ಬರುತ್ತದೆ. ‘ಫ್ಲೇವರ್’ ಎಂದಷ್ಟೇ ಬರೆದಿದ್ದರೆ ಒಳಗೇನಿದೆ ಎಂದು ತಿಳಿಯುವ ದಾರಿಯಿಲ್ಲ, ಆದ್ದರಿಂದ ಬೇಡ. ಬಾರ್‌ಗಳಲ್ಲಿ ನಾರಿನಂಶ ಹೆಚ್ಚಿಸಲು ಹಾಕುವ ಇನ್ಯುಲಿನ್ ಅಥವಾ ಚಿಕೋರಿ ಬೇರಿನ ನಾರು ದೊಡ್ಡ ಕರುಳಿನಲ್ಲಿ ಹುದುಗು ಬಂದು ಗಾಳಿ ತುಂಬಿಸುತ್ತದೆ. ಉಬ್ಬರಕ್ಕಾಗಿ ಪಥ್ಯ ಮಾಡುವವರಿಗೆ ಇದರಿಂದ ಲೆಕ್ಕವೇ ತಪ್ಪುತ್ತದೆ.

ಇನ್ನೊಂದು, ಬಣ್ಣ. ಒಣಗಿಸಿದ ಕೊಬ್ಬರಿ ತುರಿ ದಿನ ಕಳೆದಂತೆ ಹಳದಿ ತಿರುಗುತ್ತದೆ. ಹಾಗಾಗದಿರಲು ಗಂಧಕದ ಸಂಯುಕ್ತಗಳಾದ ಸಲ್ಫೈಟ್‌ಗಳನ್ನು ಬಳಸುವುದುಂಟು. ಲೇಬಲ್ಲಿನಲ್ಲಿ ಇವು 220ರಿಂದ 228ರವರೆಗಿನ ಸಂಖ್ಯೆಗಳಾಗಿ ಕಾಣುತ್ತವೆ, 223 ಎಂದರೆ ಸೋಡಿಯಂ ಮೆಟಾಬೈಸಲ್ಫೈಟ್. ಅಂತರರಾಷ್ಟ್ರೀಯ ಆಹಾರ ಸಂಹಿತೆಯ ಪ್ರಕಾರ ಕಿಲೋಗೆ 10 ಮಿಲಿಗ್ರಾಂ ಮುಟ್ಟಿದರೆ ನಮೂದಿಸಲೇಬೇಕು. ಸಲ್ಫೈಟ್ ಆಗದವರಲ್ಲಿ, ಅದರಲ್ಲೂ ಅಸ್ತಮಾ ಇರುವವರಲ್ಲಿ, ನಿಮಿಷಗಳಲ್ಲೇ ಉಸಿರು ಬಿಗಿಯಬಹುದು.

‘ಬೀಜಗಳ ಅಂಶವಿರಬಹುದು’ ಎಂಬ ಎಚ್ಚರಿಕೆಯನ್ನು ಹಾಕುವುದು ಬಹಳಷ್ಟು ಕಡೆ ಕಡ್ಡಾಯವಲ್ಲ. ಅದು ಇಲ್ಲದ ಮಾತ್ರಕ್ಕೆ ನಿಶ್ಚಿಂತೆ ಬೇಡ, ತಯಾರಕರನ್ನೇ ಕೇಳಿ: ಗೋಡಂಬಿ ಹುರಿಯುವ ಯಂತ್ರದಲ್ಲೇ ಇದನ್ನೂ ಹುರಿಯುತ್ತೀರಾ?

ಮನೆಯಲ್ಲೇ ಮಾಡಿಕೊಂಡರೆ ಈ ತಲೆನೋವೇ ಇಲ್ಲ. ಬಲಿತ ಕಾಯಿಯ ತಿರುಳನ್ನು ಸಿಪ್ಪೆ ತೆಗೆಯುವ ಪೀಲರ್‌ನಿಂದ ತೆಳ್ಳಗೆ ಹೆರೆದು, ಬಟ್ಟೆಯಲ್ಲಿ ಒತ್ತಿ ನೀರಾರಿಸಿ, ಒಂದರ ಮೇಲೊಂದು ಬೀಳದಂತೆ ತಟ್ಟೆಯಲ್ಲಿ ಹರಡಿ. ಓವನ್‌ನಲ್ಲಿ 150 ಡಿಗ್ರಿ ಸೆಲ್ಸಿಯಸ್‌ಗೆ 15ರಿಂದ 20 ನಿಮಿಷ ಸಾಕು, ನಡುವೆ ಎರಡು ಸಲ ಮಗುಚಿ. ಅಂಚು ಕೆಂಪಾದ ಮೇಲೆ ಸೀಯಲು ಒಂದು ನಿಮಿಷವೂ ಬೇಡ, ಅಲ್ಲೇ ನಿಂತಿರಿ. ಬಿಸಿಯಲ್ಲಿ ಮೆತ್ತಗಿದ್ದದ್ದು ಆರಿದ ಮೇಲೆ ಗರಿಗರಿಯಾಗುತ್ತದೆ. ಪೂರ್ತಿ ಆರುವ ಮುನ್ನ ಡಬ್ಬಿಗೆ ತುಂಬಿದರೆ ಮಾತ್ರ ಮತ್ತೆ ಮೆತ್ತಗಾಗುತ್ತದೆ.

ಮನೆಯದೇ ಆದರೂ ಒಮ್ಮೆಗೆ ಒಂದೆರಡು ದೊಡ್ಡ ಚಮಚದಷ್ಟೇ ಇರಲಿ. ಒಣ ಕೊಬ್ಬರಿಯ ನೂರು ಗ್ರಾಂನಲ್ಲಿ 60 ಗ್ರಾಂಗೂ ಹೆಚ್ಚು ಕೊಬ್ಬಿದೆ, ಕರುಳು ಪೂರ್ತಿ ಹೀರಿಕೊಳ್ಳದ ಸೋರ್ಬಿಟಾಲ್ ಎಂಬ ಸಿಹಿ ಅಂಶ ಕೂಡ ಸ್ವಲ್ಪ ಇದೆ. ಬಟ್ಟಲುಗಟ್ಟಲೆ ತಿಂದರೆ ಯಾವ ಅಲರ್ಜಿಯೂ ಇಲ್ಲದವರಿಗೂ ಹೊಟ್ಟೆ ಭಾರವಾಗುತ್ತದೆ.

ಪ್ರಶ್ನೆ: ನಮ್ಮ ಪರಿಚಿತರೊಬ್ಬರಿಗೆ ಇಂಥದೇ ಪಥ್ಯದಲ್ಲಿ ತೆಂಗನ್ನೇ ಬಿಡಿಸಿದ್ದಾರೆ. ಯಾರು ಹೇಳಿದ್ದು ಸರಿ?

ಉತ್ತರ: ಇಬ್ಬರದೂ ಸರಿ ಇರಬಹುದು, ಪಥ್ಯ ಬೇರೆ ಬೇರೆ. ನಿಮ್ಮದು ಅಲರ್ಜಿ ತರುವ ಪ್ರೋಟೀನ್‌ಗಳನ್ನು ಹುಡುಕುವ ಪಥ್ಯ. ಸ್ಯಾಲಿಸಿಲೇಟ್‌ನಂಥ ಸಹಜ ರಾಸಾಯನಿಕಗಳನ್ನು ಹುಡುಕುವ ಪಥ್ಯದಲ್ಲಿ ತೆಂಗು ಮೊದಲ ಹಂತದಲ್ಲಿ ಹೊರಗೆ.

ಅವರು ತೆಂಗನ್ನು ಮರಳಿ ಪರೀಕ್ಷಿಸುವಾಗ ಹಸಿ ಕಾಯಿಯಿಂದಲೇ ಶುರು ಮಾಡಲಿ: ಮೊದಲ ದಿನ 5 ಗ್ರಾಂ, ಎರಡನೆಯ ದಿನ 15, ಮೂರನೆಯ ದಿನ 30, ಆಮೇಲೆ ಮೂರು ದಿನ ಬಿಡುವು. ಆ ದಿನಗಳಲ್ಲಿ ಬೇರೆ ಹೊಸದೇನೂ ಸೇರದಿರಲಿ. ಹಸಿ ಕಾಯಿ ಒಗ್ಗಿ, ಆಮೇಲೆ ಅದರ ಅರ್ಧ ತೂಕದ ಪ್ಯಾಕೆಟ್ ಕೊಬ್ಬರಿಗೆ (ನೀರು ಆರಿದ ಕಾಯಿಯ ತೂಕ ಸುಮಾರು ಅರ್ಧಕ್ಕಿಳಿಯುತ್ತದೆ) ದದ್ದು ಎದ್ದರೆ ಸಂಶಯ ಹೋಗಬೇಕಾದದ್ದು ಸೇರಿಸಿದ ಪದಾರ್ಥದ ಮೇಲೆ. ಹಿಂದೆ ತುಟಿ, ಗಂಟಲು ಊದಿದ್ದರೆ ಅಥವಾ ಅಸ್ತಮಾ ಇದ್ದರೆ ಈ ಪರೀಕ್ಷೆ ಮನೆಯಲ್ಲಿ ಖಂಡಿತ ಬೇಡ, ಅದು ವೈದ್ಯರ ಎದುರೇ ಆಗಬೇಕು.