ಕೆಟ್ಟ ಮಿಡಿಯ ಕಥೆ ಹೇಳಬಹುದೇ?

ಪ್ರಶ್ನೆ: ಶಿರಸಿ ತಾಲ್ಲೂಕಿನ ನಮ್ಮ ಮಹಿಳಾ ಸಂಘ ಅಪ್ಪೆಮಿಡಿ (ಪರಿಮಳದ ಎಳೆ ಮಾವಿನಕಾಯಿ) ಉಪ್ಪಿನಕಾಯಿ ಮಾರುತ್ತದೆ. ವಾರಕ್ಕೊಂದು ವಿಡಿಯೊದಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ, ರುಚಿ, ದರ ಎಲ್ಲ ಹೇಳುತ್ತೇವೆ. ಯಾರೂ ಪೂರ್ತಿ ನೋಡುವುದಿಲ್ಲ. ‘ನಿಮ್ಮ ಕಥೆ ಹೇಳಿ’ ಅನ್ನುತ್ತಾರೆ. ನಮ್ಮಲ್ಲಿರುವುದು, ನೆಲಕ್ಕೆ ಬಿದ್ದ ಮಿಡಿ ಸೇರಿಕೊಂಡು ಹೋದ ವರ್ಷ ಒಂದು ಭರಣಿ ಪೂರ್ತಿ ಎಸೆದ ಕಥೆ. ಹೇಳಿದರೆ ಗಿರಾಕಿ ದೂರವಾಗುವುದಿಲ್ಲವೇ?

ಉತ್ತರ: ಅದನ್ನೇ ಹೇಳಿ. ಉಪ್ಪಿನಕಾಯಿ ಹಾಕುವ ಮನೆಗಳಲ್ಲಿ ಯಾವುದೋ ಒಂದು ವರ್ಷ ಭರಣಿ ಕೆಟ್ಟೇ ಇರುತ್ತದೆ. ನಿಮ್ಮ ಮಾತು ಕೇಳಿದವರಿಗೆ ಅದು ನೆನಪಾಗುತ್ತದೆ. ‘ಇವರದ್ದು ಯಾಕೆ ಕೆಟ್ಟಿತು’ ಎಂದು ತಿಳಿಯಲು ಕೂರುತ್ತಾರೆ.

ಕೆಟ್ಟದ್ದನ್ನಷ್ಟೇ ಹೇಳಿ ನಿಲ್ಲಿಸಿದರೆ ಮಾತ್ರ ನಿಮ್ಮ ಹೆದರಿಕೆ ನಿಜವಾಗುತ್ತದೆ. ಯಾಕೆ ಕೆಟ್ಟಿತು, ಈಗ ಏನು ಬದಲಿಸಿಕೊಂಡಿರಿ ಎಂಬುದು ಎರಡೂ ಕಣ್ಣಿಗೆ ಕಾಣಬೇಕು. ಒಂದು ಅಂಗೈಯಲ್ಲಿ ತೊಟ್ಟು ಉಳಿದ ಗಟ್ಟಿ ಮಿಡಿ, ಇನ್ನೊಂದರಲ್ಲಿ ಪೆಟ್ಟು ಬಿದ್ದು ಕಪ್ಪಾದದ್ದು. ಕ್ಯಾಮೆರಾ ಅಲ್ಲಿ ಐದು ಸೆಕೆಂಡ್ ನಿಲ್ಲಲಿ. ತೊಟ್ಟು ಮುರಿದರೆ ಸೊನೆ ಸೋರಿ ಪರಿಮಳ ಕಡಿಮೆಯಾಗುತ್ತದೆ ಎಂಬ ಮಾತು ಆಗ ತಾನಾಗಿ ಬರುತ್ತದೆ. ಈ ವರ್ಷ ಕೈಯಲ್ಲೇ ಕೊಯ್ದು, ಚೀಲಕ್ಕೆ ಹಗ್ಗ ಕಟ್ಟಿ ಮರದಿಂದ ಇಳಿಸುತ್ತಿದ್ದರೆ ಅದನ್ನೂ ತೋರಿಸಿ.

ಒಂದೂವರೆ ನಿಮಿಷ ಸಾಕು, ಬರೆದುಕೊಂಡರೆ 130ರಿಂದ 150 ಪದ. ‘ನಮಸ್ಕಾರ, ನಾವು ಇಂಥ ಸಂಘದವರು’ ಅಂದ ಕೂಡಲೇ ನೋಡುವವರ ಬೆರಳು ಮುಂದಿನ ವಿಡಿಯೊಗೆ ಸರಿಯುತ್ತದೆ. ‘ಮುಚ್ಚಳ ತೆಗೆದ್ರೆ ಅಪ್ಪೆ ಪರಿಮಳವೇ ಇಲ್ಲ’ ಎಂದು ಶುರು ಮಾಡಿ. ಭರಣಿ ತೆರೆದವರೊಬ್ಬರೇ ಮಾತಾಡಲಿ, ಅದೂ ಮನೆಮಾತಿನಲ್ಲಿ. ದರ, ಜಿಐ ಕೊನೆಗೆ. ಕೊಯ್ದವರ ಹೆಸರೆತ್ತಬೇಡಿ, ಆರಿಸದೆ ಭರಣಿಗೆ ಹಾಕಿದ್ದು ಸಂಘ. ಗೋಳಾಡುವುದೂ ಬೇಡ, ಮರುಕದಿಂದ ಕೊಂಡವರು ಮತ್ತೆ ಬರುವುದು ಕಡಿಮೆ. ಮಳೆ ಹೊಯ್ಯುವಾಗ ತಗಡಿನ ಮಾಡಿನಡಿ ರೆಕಾರ್ಡ್ ಮಾಡಿದರಂತೂ ಒಂದು ಮಾತೂ ಕೇಳಿಸದು.

ವಿಡಿಯೊ ಹಾಕುವ ಮೊದಲು ಪಕ್ಕದ ಮನೆಯವರಿಗೆ ತೋರಿಸಿ. ‘ಚೆನ್ನಾಗಿದೆ’ ಅಂದರೆ ಇನ್ನೂ ಕೆಲಸ ಉಳಿದಿದೆ. ‘ನಮ್ಮನೇಲೂ ಒಂದ್ಸಲ...’ ಎಂದು ಶುರು ಮಾಡಿದರೆ ಹಾಕಿಬಿಡಿ.

ಪ್ರಶ್ನೆ: ನಾನು ಕಾರವಾರದವಳು. ಮಳೆಗಾಲದ ಮೀನುಗಾರಿಕೆ ನಿಷೇಧದ ಬಗ್ಗೆ ಕಾಲೇಜು ಸಂಚಿಕೆಗೆ ಬರೆಯುತ್ತಿದ್ದೇನೆ. ಅಪ್ಪ ಇಲ್ಲಿನ ಬೈತಖೋಲ ಬಂದರಿನಿಂದ ಹೊರಡುವ ಮೀನುಗಾರಿಕೆ ಬೋಟಿನಲ್ಲಿ ದುಡಿಯುತ್ತಾರೆ. ಮನೆಯ ಸಂಗತಿ ಎಷ್ಟು ಬರಬೇಕು?

ಉತ್ತರ: ಒಂದೇ ಸಂಗತಿ, ನಾಲ್ಕೈದು ಸಾಲು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಎಂಬ ಲೆಕ್ಕ ಕರಾವಳಿಯಲ್ಲಿ ಎಲ್ಲರಿಗೂ ಗೊತ್ತು, ಓದಿದಾಗ ಯಾರಿಗೂ ತಟ್ಟುವುದಿಲ್ಲ. ಮನೆಯ ಒಣಮೀನಿನ ಡಬ್ಬಿ ಎಷ್ಟನೇ ದಿನ ತಳ ಕಂಡಿತು ಎಂದು ಬರೆಯಿರಿ, ತಟ್ಟುತ್ತದೆ. ಅಲ್ಲಿಂದ ನೇರ ವಿಷಯಕ್ಕೆ ಹೋಗಿ: ಮೀನು ಮೊಟ್ಟೆಯಿಡುವ ಕಾಲ, ಕಡಲಿನ ಅಬ್ಬರ, ನಿಂತ ದುಡಿಮೆ. ಮನೆಯ ಸಾಲದ ಮಾತು ಬರುವುದಾದರೆ ಮೊದಲು ಅಪ್ಪನಿಗೆ ಓದಿ ಹೇಳಿ; ಬೇಡ ಅಂದರೆ ತೆಗೆದುಬಿಡಿ.