ಬಿಡಿ ಅಮೈನೋ ಆಮ್ಲವೋ, ಪ್ರೋಟೀನಿನ ತುಣುಕೋ?

ಪ್ರಶ್ನೆ: ಪ್ರೋಟೀನು ಪೂರ್ತಿಯಾಗಿ ಬಿಡಿ ಅಮೈನೋ ಆಮ್ಲಗಳಾಗಿ ಒಡೆದ ಮೇಲಷ್ಟೇ ಕರುಳು ಅದನ್ನು ಹೀರಿಕೊಳ್ಳುತ್ತದೆ ಎಂದು ಕಾಲೇಜಿನಲ್ಲಿ ಓದಿದ್ದೆ. ಹಾಗಾದರೆ ಮೊದಲೇ ಬಿಡಿಬಿಡಿಯಾಗಿರುವ ಅಮೈನೋ ಆಮ್ಲಗಳ ಪುಡಿಯೇ ಎಲ್ಲಕ್ಕಿಂತ ಬೇಗ ಮೈಗೆ ಹತ್ತುತ್ತದೆ ಎಂದು ನಮ್ಮ ಜಿಮ್ ತರಬೇತುದಾರರು ಹೇಳುವುದು ಸರಿಯೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನೀವು ಓದಿದ್ದು ಅರ್ಧ ಸರಿ. ರಕ್ತಕ್ಕೆ ಸೇರುವುದು ಬಹುಪಾಲು ಬಿಡಿ ಅಮೈನೋ ಆಮ್ಲಗಳೇ. ಆದರೆ ಕರುಳಿನ ಒಳಪದರದ ಜೀವಕೋಶವನ್ನು ಹೊಗುವಾಗ ಅವೆಲ್ಲವೂ ಬಿಡಿಯಾಗಿರಬೇಕೆಂದಿಲ್ಲ. ಎರಡು ಅಥವಾ ಮೂರು ಅಮೈನೋ ಆಮ್ಲಗಳು ಕೂಡಿಕೊಂಡಿರುವ ಪೆಪ್ಟೈಡ್ ತುಣುಕುಗಳನ್ನು ಇಡಿಯಾಗಿಯೇ ಒಳಗೆ ಸಾಗಿಸುವ ಪೆಪ್‌ಟಿ-1 ಎಂಬ ವಾಹಕ ಪ್ರೋಟೀನು ಸಣ್ಣಕರುಳಿನಲ್ಲಿದೆ. ಬಿಡಿ ಅಮೈನೋ ಆಮ್ಲಗಳು ಹೆಚ್ಚಾಗಿ ಸೋಡಿಯಂ ಜೊತೆಗೂಡಿ, ತಮ್ಮತಮ್ಮ ಗುಂಪಿನ ವಾಹಕಗಳಿಗಾಗಿ ಪರಸ್ಪರ ಪೈಪೋಟಿ ನಡೆಸುತ್ತ ಒಳಹೋದರೆ, ಪೆಪ್‌ಟಿ-1 ಹೈಡ್ರೋಜನ್ ಅಯಾನಿನ ಬಲದಿಂದ ಕೆಲಸ ಮಾಡುತ್ತದೆ. ಇಪ್ಪತ್ತು ಅಮೈನೋ ಆಮ್ಲಗಳಿಂದ ಎರಡರ ಜೋಡಣೆಗಳು 400, ಮೂರರ ಜೋಡಣೆಗಳು 8,000 ಆಗುತ್ತವೆ. ಇವುಗಳಲ್ಲಿ ಹೆಚ್ಚಿನವು ಈ ಒಂದೇ ವಾಹಕಕ್ಕೆ ಒಗ್ಗುತ್ತವೆ. ನಾಲ್ಕಾದರೆ ಮಾತ್ರ ಅದು ಮುಟ್ಟುವುದಿಲ್ಲ. ಒಳಹೊಕ್ಕ ತುಣುಕುಗಳನ್ನು ಜೀವಕೋಶದೊಳಗಿನ ಕಿಣ್ವಗಳು ಒಡೆಯುತ್ತವೆ.

ಈ ಎರಡು ದಾರಿಗಳು ನಿಜಕ್ಕೂ ಬೇರೆಬೇರೆ ಎಂಬುದಕ್ಕೆ ನನಗೆ ಅತ್ಯಂತ ಮನವರಿಕೆಯಾಗುವ ಸಾಕ್ಷಿ ಒಂದು ಅಪರೂಪದ ಕಾಯಿಲೆ. 1956ರಲ್ಲಿ ಇಂಗ್ಲೆಂಡಿನ ವೈದ್ಯರು ವರದಿ ಮಾಡಿದ, ಹಾರ್ಟ್‌ನಪ್ ಎಂಬ ಕುಟುಂಬದ ಹೆಸರನ್ನೇ ಹೊತ್ತ ಆ ಆನುವಂಶಿಕ ಕಾಯಿಲೆಯಲ್ಲಿ ಟ್ರಿಪ್ಟೊಫ್ಯಾನ್, ಹಿಸ್ಟಿಡೀನ್ ಮೊದಲಾದವನ್ನು ಸಾಗಿಸುವ ವಾಹಕವೇ ಕೆಟ್ಟಿರುತ್ತದೆ. ಅಂಥವರಿಗೆ ಹಿಸ್ಟಿಡೀನನ್ನು ಬಿಡಿಯಾಗಿ ಕುಡಿಸಿದರೆ ರಕ್ತದಲ್ಲಿ ಅದರ ಮಟ್ಟ ಸರಿಯಾಗಿ ಏರುವುದಿಲ್ಲ. ಅದನ್ನೇ ಕಾರ್ನೊಸೀನ್ ಎಂಬ ಜೋಡಿ ಪೆಪ್ಟೈಡಿನ ರೂಪದಲ್ಲಿ ಕೊಟ್ಟರೆ ಏರುತ್ತದೆ. ಆರೋಗ್ಯವಂತರಲ್ಲಿಯೂ ಗ್ಲೈಸೀನನ್ನು ಬಿಡಿಯಾಗಿ ಕೊಟ್ಟಾಗಿನದಕ್ಕಿಂತ ಅದರ ಜೋಡಿ ರೂಪದಲ್ಲಿ ಕೊಟ್ಟಾಗ ಹೀರಿಕೆ ವೇಗವಾಗಿರುವುದು ಪ್ರಯೋಗಗಳಲ್ಲಿ ಕಂಡಿದೆ. (ಸೆಫಲೆಕ್ಸಿನ್‌ನಂಥ ಆಂಟಿಬಯೋಟಿಕ್‌ಗಳು ನುಂಗಿದರೂ ಕೆಲಸ ಮಾಡುವುದು, ಅವುಗಳ ರಚನೆ ಇಂಥ ತುಣುಕುಗಳನ್ನು ಹೋಲುವುದರಿಂದ ಪೆಪ್‌ಟಿ-1 ಅವನ್ನೂ ಒಳಗೆ ಸೇರಿಸುವುದರಿಂದಲೇ. 51 ಅಮೈನೋ ಆಮ್ಲಗಳ ಇನ್ಸುಲಿನ್‌ಗೆ ಆ ಸೌಲಭ್ಯವಿಲ್ಲ.)

ಇನ್ನು ನಿಮ್ಮ ಪುಡಿಯ ವಿಚಾರ. ಅದು ಬೇಳೆಗಿಂತ ಬೇಗ ರಕ್ತದಲ್ಲಿ ಕಾಣಿಸಿಕೊಳ್ಳುವುದು ನಿಜ. ಎಲ್ಲಕ್ಕಿಂತ ಬೇಗ ಎನ್ನುವಂತಿಲ್ಲ. ಅಷ್ಟೇ ತೂಕದ ಪ್ರೋಟೀನು ಬಿಡಿಬಿಡಿಯಾದಾಗ ಕಣಗಳ ಸಂಖ್ಯೆ ಹೆಚ್ಚುವುದರಿಂದ, ಗಟ್ಟಿಯಾಗಿ ಕಲಸಿ ಕುಡಿದರೆ ಕರುಳು ನೀರನ್ನು ಸೆಳೆದುಕೊಂಡು ಹೊಟ್ಟೆ ಕೆಡುವುದೂ ಉಂಟು. ಮೇದೋಜೀರಕ ಗ್ರಂಥಿ ದುರ್ಬಲವಾಗಿರುವ ರೋಗಿಗೆ ನಳಿಕೆಯ ಮೂಲಕ ಆಹಾರ ಕೊಡುವಾಗ ವೈದ್ಯರು ಕೆಲವೊಮ್ಮೆ ಪೆಪ್ಟೈಡ್ ರೂಪದ ಆಹಾರವನ್ನು ಆರಿಸಿಕೊಳ್ಳುವುದಕ್ಕೆ ಇದೂ ಒಂದು ಕಾರಣ. ಆರೋಗ್ಯವಾಗಿರುವ ನಿಮ್ಮ ಹೊಟ್ಟೆಯಲ್ಲಾದರೋ ಪೆಪ್ಸಿನ್, ಟ್ರಿಪ್ಸಿನ್ ಮೊದಲಾದ ಕಿಣ್ವಗಳು ಮೊಟ್ಟೆಯನ್ನೂ ಹುರುಳಿಯನ್ನೂ ಇದೇ ಬಗೆಯ ತುಣುಕುಗಳಾಗಿ ತಾವೇ ಕತ್ತರಿಸುತ್ತವೆ. ಆ ಕೆಲಸಕ್ಕೆ ಪ್ರತ್ಯೇಕವಾಗಿ ಹಣ ತೆರುವ ಅಗತ್ಯ ನನಗೆ ಕಾಣುವುದಿಲ್ಲ.